ನಡುಬಾಗಿಲಿನ ಆಚೆ ಈಚೆ

ಭದ್ರಾವತಿಯ ಜನ್ನಾಪುರದ ಧರ್ಮಪ್ಪನವರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಗಾದೆ ಕಟ್ಟಿದವರು ಈ ಮನೆ ನೋಡಿರಲಿಲ್ಲ. ಇವರು ದಿನಾ ಉಂಡರು, ದಿನಾ ಮಲಗಿದರು. ಜಗಳ ಮಾತ್ರ ಬೆಳಿಗ್ಗೆ ಅವರಿಗಿಂತ ಮೊದಲೇ ಎದ್ದು ಕೂತಿರುತ್ತಿತ್ತು.

ಶುರುವಾದದ್ದು ಮಗ ಭೀಮೇಶನಿಂದ. ಮದುವೆಯಾದ ವರ್ಷದೊಳಗೇ ಅವನು ಹೆಂಡತಿಯನ್ನು ಕಟ್ಟಿಕೊಂಡು ಹೊಳೆಹೊನ್ನೂರಿನಲ್ಲಿ ಬೇರೆ ಮನೆ ಮಾಡಿದ. ಬೀಗರೆಲ್ಲ ಕೂತಿದ್ದ ಪಡಸಾಲೆಯಲ್ಲಿ ಧರ್ಮಪ್ಪ, "ಇವಳ ನಾಲಿಗೆಗೆ ಹೆದರಿ ಮಗ ಮನೆ ಬಿಟ್ಟ" ಎಂದುಬಿಟ್ಟರು. ಹಾಲಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದು ನಡುಬಾಗಿಲಲ್ಲೇ ನಿಂತಿದ್ದರು.

"ಸರಿ. ಇನ್ಮೇಲೆ ಈ ನಾಲಿಗೆ ನಿಮಗೆ ಕೇಳಿಸಲ್ಲ" ಎಂದರು.

"ದೇವರು ದೊಡ್ಡವನು" ಎಂದರು ಧರ್ಮಪ್ಪ.

ಇಬ್ಬರೂ ಆಡಿದ ಮಾತಿಗೆ ತಪ್ಪುವವರಲ್ಲ. ಅಂದಿನಿಂದ ಅಡುಗೆ ಆಯಿತೆಂದರೆ ಹಾಲಮ್ಮ ಸೌಟಿನಿಂದ ತಟ್ಟೆಗೆ ಬಡಿಯುತ್ತಿದ್ದರು. ಧರ್ಮಪ್ಪ ಎದ್ದು ಬಂದು ನಡುಬಾಗಿಲ ಸ್ಟೂಲಿನ ಮೇಲಿದ್ದ ತಟ್ಟೆ ಎತ್ತಿಕೊಂಡು ಪಡಸಾಲೆಗೆ ಹೋಗುತ್ತಿದ್ದರು. ಸೋಪು ಬೇರೆ, ಬಟ್ಟೆ ಒಣಹಾಕುವ ಹಗ್ಗ ಬೇರೆ, ಟಿವಿ ಸಂಜೆ ಒಬ್ಬರಿಗೆ, ಊಟವಾದ ಮೇಲೆ ಇನ್ನೊಬ್ಬರಿಗೆ. ಸೌಟಿನಿಂದ ಹೇಳಲಾಗದ ಮಾತೆಲ್ಲ ಮಗಳು ಮೈತ್ರಿಯ ತಲೆಗೆ ಬಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸಿಗೆ ಈಗ ಮೂವತ್ತೈದು.

ಮೈತ್ರಿ ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಯಾರದೋ ತೋಳಿಗೆ ಪಟ್ಟಿ ಬಿಗಿದು ನರ ಹುಡುಕುವ ಹೊತ್ತಿಗೇ ಫೋನು ಬಡಿದುಕೊಳ್ಳುತ್ತಿತ್ತು.

"ನಿಮ್ಮಮ್ಮಂಗೆ ಹೇಳು, ಸಾರಿಗೆ ಉಪ್ಪು ಜಾಸ್ತಿ ಆಗಿದೆ."

"ಅಪ್ಪ, ಅಮ್ಮ ಅಲ್ಲೇ ಒಳಗಿದಾರಲ್ಲ."

"ಇರೋದು ನಂಗೆ ಗೊತ್ತು. ನೀನು ಹೇಳು."

ಅವಳು ಅಮ್ಮನಿಗೆ ಫೋನ್ ಮಾಡಬೇಕು. ಅಮ್ಮ, "ನಿಮ್ಮಪ್ಪಂಗೆ ಹೇಳು, ಬಾಯಿ ರುಚಿ ಕೆಟ್ಟಿದ್ರೆ ಡಾಕ್ಟರಿಗೆ ತೋರಿಸ್ಕೊಳ್ಳಲಿ" ಎನ್ನಬೇಕು. ಅದನ್ನು ಮತ್ತೆ ಅಪ್ಪನಿಗೆ ಮುಟ್ಟಿಸಬೇಕು. ಒಂದು ಗೋಡೆ ದಾಟಬೇಕಾದ ಮಾತು ಶಿವಮೊಗ್ಗಕ್ಕೆ ಹೋಗಿ ಭದ್ರಾವತಿಗೆ ವಾಪಸು ಬರುತ್ತಿತ್ತು.

ಹೀಗಿರುವಾಗ ಯೋಗರಾಜನ ಸಂಬಂಧ ಕೂಡಿಬಂತು. ಕುಂಸಿಯವನು, ಲೈನ್‌ಮನ್ ಕೆಲಸ, ಆಲ್ಕೊಳದಲ್ಲಿ ಬಾಡಿಗೆ ಮನೆ. ತಾಯಿಯನ್ನು ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಕರೆತರುತ್ತಿದ್ದವನು ಆಮೇಲಾಮೇಲೆ ತಾಯಿಯನ್ನು ಬಿಟ್ಟೇ ಲ್ಯಾಬಿಗೆ ಬರತೊಡಗಿದ್ದ. ಮೈತ್ರಿಗೂ ಅವನು ಬೇಕಾಗಿದ್ದ. ಮನೆಯಲ್ಲಿ ಹೇಳಿದಾಗ ಬೇಡ ಎಂದು ಯಾರೂ ಅನ್ನಲಿಲ್ಲ.

"ನೀನು ಹೋದ್ರೆ ಗ್ಯಾಸ್ ಮುಗಿದಿದ್ದು ಅವರಿಗೆ ಹೇಳೋರ್ಯಾರು?" ಎಂದರು ಹಾಲಮ್ಮ.

"ಬಿಪಿ ಮಾತ್ರೆ ತರಬೇಕಾ ಅಂತ ಅವಳನ್ನ ಕೇಳೋರ್ಯಾರು?" ಎಂದರು ಧರ್ಮಪ್ಪ.

ಯೋಗರಾಜನ ತಾಯಿ ಪ್ರೇಮಮ್ಮ ಹೆಣ್ಣಿನ ಮನೆ ನೋಡಲು ಬಂದರು. ಉಪ್ಪಿಟ್ಟು ತಿನ್ನುವಷ್ಟರಲ್ಲಿ ಅವರಿಗೆ ಎಲ್ಲ ಅರ್ಥವಾಯಿತು. ಹೊರಡುವಾಗ ಮೈತ್ರಿಯನ್ನು ಗೇಟಿನ ಹತ್ತಿರ ಕರೆದರು.

"ನೋಡಮ್ಮ, ನಿನ್ನ ಮೇಲೆ ನಂಗೆ ಬೇಜಾರಿಲ್ಲ. ಆದ್ರೆ ಅಪ್ಪ ಅಮ್ಮನ ಟಪಾಲು ಹೊರೋ ಸೊಸೆ ನಂಗೆ ಬೇಡ. ಲ್ಯಾಬಲ್ಲಿ ಬಡ್ಕೊಳ್ಳೋ ಆ ಫೋನು ನಮ್ಮನೇಲಿ ಬಡ್ಕೊಬಾರದು. ಆಷಾಢದೊಳಗೆ ಇದೊಂದು ಸರಿ ಮಾಡ್ಕೋ. ಇಲ್ದಿದ್ರೆ ನಮ್ಮಣ್ಣ ಬೇರೆ ಹುಡುಗಿ ನೋಡಿಟ್ಟಿದಾನೆ."

ಯೋಗರಾಜ ಬೈಕಿನ ಮೇಲೆ ಕೂತು ರಸ್ತೆ ನೋಡುತ್ತಿದ್ದ. ತಾಯಿಗೆ ಎದುರಾಡುವ ಗಂಡಲ್ಲ ಅವನು.

ಮೈತ್ರಿಯ ಜೊತೆ ಕೆಲಸ ಮಾಡುವ ಸಂಘಮಿತ್ರಾಳಿಗೆ ಬೆಕ್ಕಿನ ಹುಚ್ಚು. ಬೀದಿಪಾಲಾದ ಬೆಕ್ಕುಗಳನ್ನು ತಂದು, ಔಷಧಿ ಮಾಡಿಸಿ, ಸಾಕುವವರು ಸಿಗುವ ತನಕ ಆಲ್ಕೊಳದ ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆಗ ಅವಳ ಬಳಿ ಒಂದು ಜೋಡಿ ಇತ್ತು. ಕೆಂಪಗಿದ್ದದ್ದು ಕೆಂಚ, ಬೂದಿ ಬಣ್ಣದ ಹೆಣ್ಣು ಬೂದಿ.

"ಕೊಟ್ರೆ ಎರಡೂ ಒಟ್ಟಿಗೇ ಕೊಡೋದು" ಎಂದಳು ಸಂಘಮಿತ್ರಾ. "ಯಾರೋ ಪುಣ್ಯಾತ್ಮರು ಗೋಣಿಚೀಲದಲ್ಲಿ ಕಟ್ಟಿ ಸರ್ಕಲ್ ಹತ್ರ ಎಸೆದು ಹೋಗಿದ್ರು. ಬಿಚ್ಚಿದಾಗ ಒಂದನ್ನೊಂದು ತಬ್ಕೊಂಡಿದ್ವು. ಕೆಂಚ ಪಕ್ಕದಲ್ಲಿ ಇಲ್ಲ ಅಂದ್ರೆ ಬೂದಿ ಅನ್ನಕ್ಕೆ ಬಾಯೇ ಹಾಕಲ್ಲ. ಬೇರೆ ಮಾಡಿದ್ರೆ ಸತ್ತೇ ಹೋಗುತ್ತೆ ಮಾರಾಯ್ತಿ."

"ನಂಗೆ ಕೊಡು" ಎಂದಳು ಮೈತ್ರಿ.

ಬೆಕ್ಕಿನ ಮೇಲಿನ ಪ್ರೀತಿಯಿಂದ ಅವಳು ಕೇಳಿದ್ದಲ್ಲ. ಮನೆಯಲ್ಲಿ ಎರಡು ಜೀವ ಓಡಾಡಿದರೆ, ಹಾಲು ಹಾಕಿದ್ಯಾ, ಬಾಗಿಲು ತೆಗಿ, ಎಲ್ಲಿ ಹೋಯ್ತು ನೋಡು ಎಂದು ಒಬ್ಬರ ಬಾಯಿಂದಾದರೂ ಒಂದು ಮಾತು ಜಾರೀತು ಎಂಬ ಲೆಕ್ಕಾಚಾರ ಅವಳದು. ಒಂದು ಜಾರಿದರೆ ಇನ್ನೊಂದು ತಾನೇ ಬರುತ್ತದೆ, ತನ್ನ ದಾರಿ ತೆರೆಯುತ್ತದೆ ಎಂದುಕೊಂಡಳು.

"ವಾರಕ್ಕೊಂದು ಫೋಟೋ ಕಳಿಸ್ಬೇಕು. ಎರಡೂ ಒಂದೇ ಫೋಟೋದಲ್ಲಿ ಇರ್ಬೇಕು. ಮಾತು ಕೊಡು."

"ಕೊಟ್ಟೆ" ಎಂದಳು ಮೈತ್ರಿ.

ಬೆಕ್ಕಿನ ಪಂಜರ ನೋಡಿದ ಕೂಡಲೇ ಹಾಲಮ್ಮ, "ಮನುಷ್ಯರಿಗೆ ಬೇಯಿಸಿ ಹಾಕಿ ಹಾಕಿ ಸಾಕಾಗಿದೆ. ಇವಕ್ಕೆ ಬೇರೆ ಸೇವೆ" ಎಂದರು. ಧರ್ಮಪ್ಪ ಪೇಪರಿನ ಹಿಂದಿನಿಂದಲೇ, "ಅಡ್ಡ ಬರೋಕೆ ಮನೇಲಿ ಒಬ್ಬರು ಸಾಲ್ದು ಅಂತ ಇನ್ನೆರಡು ತಂದ್ಯಾ?" ಎಂದು ಕೇಳಿದರು. ಒಳಗೆ ಸೌಟು ಟಣ್ಣೆಂದಿತು. ಊಟದ ಹೊತ್ತೇನೂ ಆಗಿರಲಿಲ್ಲ.

ಮೊದಲ ದಿನಗಳು ಚೆನ್ನಾಗಿಯೇ ಹೋದವು. ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು. ಉಂಡ ಮೇಲೆ ಕೆಂಚ ಧರ್ಮಪ್ಪನವರ ತೊಡೆ ಏರುತ್ತಿತ್ತು. ಬೂದಿ ಅಡುಗೆಮನೆಯ ಸಿಲಿಂಡರಿನ ಪಕ್ಕ ಮಲಗುತ್ತಿತ್ತು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಮೂರು ಪಾಳಿ ದುಡಿದು ಸ್ವಂತ ಮಕ್ಕಳನ್ನೇ ಎತ್ತಿ ಆಡಿಸದ ಧರ್ಮಪ್ಪ ಬೆಕ್ಕಿನ ಗದ್ದ ಕೆರೆಯುವುದನ್ನು ಮೈತ್ರಿ ಮೊದಲ ಸಲ ನೋಡಿದಳು. ಅವಳಿಗೆ ಹೊಟ್ಟೆ ಉರಿಯಿತು.

ಒಂದು ದಿನ ಕೆಂಚ ಹೆಪ್ಪು ಹಾಕಿಟ್ಟ ಹಾಲಿನ ಪಾತ್ರೆ ಉರುಳಿಸಿತು. ಹಾಲಮ್ಮ ನೆಲ ಒರೆಸುತ್ತಿದ್ದರು. ಪಡಸಾಲೆಯಲ್ಲಿ ಧರ್ಮಪ್ಪ ನಕ್ಕರು. ಹಾಲು ಚೆಲ್ಲಿದ್ದಕ್ಕೆ ಹಾಲಮ್ಮನಿಗೆ ಅಷ್ಟು ಸಿಟ್ಟು ಬಂದಿರಲಿಲ್ಲ, ಆ ನಗುವಿಗೆ ಬಂತು.

ಸಂಜೆ ಮೈತ್ರಿ ಚಪ್ಪಲಿ ಬಿಡುವ ಮೊದಲೇ ತೀರ್ಪು ಕಾದಿತ್ತು.

"ನಿಮ್ಮಪ್ಪಂಗೆ ಹೇಳು. ಅವರ ಬೆಕ್ಕು ಅವರ ಪಡಸಾಲೇಲಿ ಇರ್ಲಿ. ಇತ್ಲಾಗೆ ಬಂದ್ರೆ ಬೆನ್ನ ಮೇಲೆ ಬರೆ ಹಾಕ್ತೀನಿ."

"ಹಂಗಾದ್ರೆ ಅವಳ ಬೆಕ್ಕು ಈ ಕಡೆ ಕಾಲಿಡಬಾರದು ಅಂತ ಹೇಳು."

"ಅಪ್ಪ, ಅವೆರಡೂ ಜೋಡಿ. ಬೇರೆ ಮಾಡ್ಬಾರದು."

"ಈ ಮನೇಲಿ ಬೇರೆ ಆಗದೆ ಉಳಿದಿರೋದು ಏನಿದೆ ಹೇಳು."

ನಡುಬಾಗಿಲಿಗೆ ಅಡುಗೆಮನೆಯ ಕಡೆ ಮೊದಲೇ ಒಂದು ಚಿಲಕವಿತ್ತು. ಧರ್ಮಪ್ಪ ತಮ್ಮ ಕಡೆಗೂ ಒಂದನ್ನು ತಂದು ಕೂರಿಸಿದರು. ಊಟದ ತಟ್ಟೆ ಈಗ ಮನೆಯ ಪಕ್ಕದ ಓಣಿಯಲ್ಲಿ ಸುತ್ತಿ ಬಂದು ಪಡಸಾಲೆಯ ಕಿಟಕಿಯಲ್ಲಿ ಕೂರತೊಡಗಿತು.

ಆಮೇಲೆ ನಡೆದದ್ದು ಮೈತ್ರಿ ಎಣಿಸದೇ ಇದ್ದದ್ದು. ಬೆಕ್ಕಿನ ಹೆಸರಿನಲ್ಲಿ ಇಬ್ಬರಿಗೂ ಬಾಯಿ ಬಂತು.

"ನೋಡೇ ಬೂದಿ, ಕೆಲವರಿಗೆ ಕಕ್ಕಸಿಗೆ ನೀರು ಹಾಕೋಕೂ ಬರಲ್ಲ. ನೀನೇ ವಾಸಿ, ಮಣ್ಣಾದ್ರೂ ಮುಚ್ತೀಯ" ಎಂದು ಹಾಲಮ್ಮ ಬಾಗಿಲಿನ ಕಡೆ ಮುಖ ಮಾಡಿ ಹೇಳುವುದು.

"ಲೇ ಕೆಂಚ, ಅನ್ನದಲ್ಲಿ ಕಲ್ಲಿದೆ ಕಣೋ. ಹಲ್ಲು ಜೋಪಾನ" ಎಂದು ಧರ್ಮಪ್ಪ ಈಚೆಯಿಂದ ಗಟ್ಟಿಯಾಗಿ ಹೇಳುವುದು.

ಗ್ಯಾಸು, ಮಾತ್ರೆ, ಕರೆಂಟು ಬಿಲ್ಲು, ಎಲ್ಲವೂ ಬೆಕ್ಕಿನ ಕಿವಿಗೆ ಬಿದ್ದು ಬಾಗಿಲು ದಾಟಿತು. ಮೈತ್ರಿಯ ಫೋನು ಸುಮ್ಮನಾಯಿತು. ಲ್ಯಾಬಿನಲ್ಲಿ ಅವಳು ಅಡ್ಡಿಯಿಲ್ಲದೆ ನರ ಹುಡುಕಿದಳು. ಮಧ್ಯಾಹ್ನದ ಬುತ್ತಿಯನ್ನು ಬಿಸಿ ಇರುವಾಗಲೇ ಉಂಡಳು. ಪ್ರೇಮಮ್ಮನಿಂದಲೂ ಫೋನ್ ಬಂತು.

"ಈಗ ಕಾಟ ಇಲ್ವಂತೆ, ಯೋಗರಾಜ ಹೇಳ್ದ. ಹಿಂಗೇ ಇದ್ರೆ ದಿನ ನೋಡಿಸ್ತೀನಿ."

ಆದರೆ ಬೂದಿ ಅನ್ನ ಮುಟ್ಟುತ್ತಿರಲಿಲ್ಲ. ಹಾಲಮ್ಮ ಬೂತಾಯಿ ಮೀನಿನ ಮುಳ್ಳು ಬಿಡಿಸಿ ಬೆರಳಿನಲ್ಲಿ ಹಿಡಿದರೂ ಮೂಸಿ ಮುಖ ತಿರುಗಿಸುತ್ತಿತ್ತು. ನಡುಬಾಗಿಲ ಸಂದಿಗೆ ಮೂಗಿಟ್ಟು ಕೂರುತ್ತಿತ್ತು. ಆ ಕಡೆ ಕೆಂಚ ಬಾಗಿಲು ಕೆರೆಯುತ್ತಿತ್ತು. ಒಂದು ಸಂಜೆ ತಡೆಯಲಾರದೆ ಮೈತ್ರಿ ಎರಡೂ ಚಿಲಕ ತೆಗೆದಳು. ಬೂದಿ ಕೆಂಚನ ತಟ್ಟೆಗೆ ನುಗ್ಗಿ ಗಬಗಬ ತಿಂದಿತು. ಮಾರನೆಯ ದಿನ ಬೆಳಗಿನಿಂದ ಸಂಜೆಯ ತನಕ ಫೋನು ಬಡಿಯಿತು. ಯಾರನ್ನು ಕೇಳಿ ತೆಗೆದೆ, ಅವಳ ಬೆಕ್ಕಿಗೆ ನನ್ನ ತಟ್ಟೆ ಯಾಕೆ, ಅವರ ಬೆಕ್ಕು ಒಲೆ ಹತ್ತಿರ ಯಾಕೆ ಬಂತು.

"ಅಮ್ಮ, ಬೂದಿ ಸಾಯುತ್ತೆ."

"ಅವರು ಮೊದ್ಲು ತೆಗೀಲಿ. ನಾನು ತೆಗಿತೀನಿ."

"ಅಪ್ಪ, ನೀವಾದ್ರೂ."

"ಶುರು ಮಾಡಿದ್ದು ಅವಳು. ಅವಳೇ ತೆಗೀಲಿ."

ಆ ರಾತ್ರಿ ಮೈತ್ರಿ ತಾನೇ ಎರಡೂ ಚಿಲಕ ಹಾಕಿದಳು. ಬೆಳಿಗ್ಗೆ ಫೋನು ಮತ್ತೆ ಸುಮ್ಮನಾಗಿತ್ತು. ಬೂದಿಯ ಬೆನ್ನುಮೂಳೆ ಎದ್ದು ಕಾಣುತ್ತಿದ್ದುದನ್ನು ಅವಳು ನೋಡಿದಳು. ನೋಡಿ, ಬ್ಯಾಗು ಹೆಗಲಿಗೇರಿಸಿ, ಬಸ್ಸಿಗೆ ಹೋದಳು. ಆಷಾಢ ಹತ್ತಿರ ಬಂದಿತ್ತು. ಸಂಘಮಿತ್ರಾ ಫೋಟೋ ಕೇಳಿದಾಗ ಮೊದಲ ವಾರ ತೆಗೆದ ಫೋಟೋಗಳಲ್ಲೇ ಒಂದನ್ನು ಕಳಿಸಿದಳು. ಮುಂದಿನ ವಾರ ಅವುಗಳಲ್ಲೇ ಇನ್ನೊಂದು.

ಭಾನುವಾರ ಸಂಘಮಿತ್ರಾ ಹೇಳದೆ ಕೇಳದೆ ಬಂದಳು. ಕೈಯಲ್ಲಿ ಪಂಜರವಿತ್ತು.

"ಎರಡು ಫೋಟೋದಲ್ಲೂ ಹಿಂದೆ ಅದೇ ಹೂವಿನ ಬೆಡ್‌ಶೀಟು, ಅದೇ ಸುಕ್ಕು" ಎಂದಳು. "ಎಲ್ಲಿದಾವೆ?"

ಕೆಂಚ ಪಡಸಾಲೆಯಲ್ಲಿ ಧರ್ಮಪ್ಪನವರ ತೊಡೆಯ ಮೇಲಿತ್ತು. ನಡುಬಾಗಿಲು ಹಾಕಿತ್ತು. ಸಂಘಮಿತ್ರಾ ಓಣಿ ಬಳಸಿ ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಹೋದಳು. ಬೂದಿಯನ್ನು ಎತ್ತಿಕೊಂಡಳು. ಕೈಗೆ ಬರಿ ಮೂಳೆ ಸಿಕ್ಕಿತು. ಅದನ್ನು ಪಂಜರದಲ್ಲಿಟ್ಟು ಅದೇ ದಾರಿಯಲ್ಲಿ ಪಡಸಾಲೆಗೆ ಬಂದಳು. ಹಾಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದು ಬೀದಿಬಾಗಿಲ ಪಕ್ಕ ನಿಂತರು. ಗಂಡ ಕೂತಿದ್ದಾಗ ಅವರು ಪಡಸಾಲೆಗೆ ಕಾಲಿಟ್ಟದ್ದು ಎಷ್ಟೋ ವರ್ಷದ ಮೇಲೆ.

"ಅಂಕಲ್, ಅದನ್ನೂ ಕೊಡಿ. ಎರಡನ್ನೂ ವಾಪಸು ತಗೊಂಡು ಹೋಗ್ತೀನಿ."

"ಇದಕ್ಕೇನಾಗಿದೆ? ಗುಂಡಗಿದೆ. ಉಪವಾಸ ಕೆಡವಿದೋರ ಬೆಕ್ಕು ತಗೊಂಡು ಹೋಗು."

"ಮೈತ್ರಿ, ನಿಮ್ಮಪ್ಪಂಗೆ ಹೇಳು" ಎಂದರು ಹಾಲಮ್ಮ. "ಕೈಯಲ್ಲಿ ತಿನ್ನಿಸಿದೀನಿ ನಾನು. ಬಾಗಿಲು ಹಾಕಿ ಕೂತೋರು ಯಾರು ಅಂತ ಕೇಳು."

"ನಿಮ್ಮಮ್ಮಂಗೆ ಹೇಳು, ಬರೆ ಹಾಕ್ತೀನಿ ಅಂದೋರು ಯಾರು ಅಂತ."

ಇಬ್ಬರೂ ಮಗಳ ಮುಖ ನೋಡುತ್ತಿದ್ದರು. ಹತ್ತು ವರ್ಷದ ಅಭ್ಯಾಸದಲ್ಲಿ ಮೈತ್ರಿಯ ಬಾಯಿ ತೆರೆಯಿತು, ಹಾಗೆಯೇ ಮುಚ್ಚಿತು.

"ನಾನು ಹೇಳಲ್ಲ" ಎಂದಳು. "ಬೇಕಾದ್ರೆ ನೀವೇ ಹೇಳ್ಕೊಳ್ಳಿ. ಬೇಡ ಅಂದ್ರೆ ಬೆಕ್ಕು ಹೋಗ್ಲಿ."

ಸಂಘಮಿತ್ರಾ ಬಗ್ಗಿ, ಬೆಕ್ಕು ಹಿಡಿದು ಪಳಗಿದ ಕೈಯಿಂದ ಕೆಂಚನ ಕತ್ತಿನ ಚರ್ಮ ಹಿಡಿದೆತ್ತಿ ಪಂಜರಕ್ಕೆ ಹಾಕಿದಳು. ಧರ್ಮಪ್ಪ ತಡಕಾಡಿದರು, ಅಷ್ಟರಲ್ಲಿ ತೊಡೆ ಖಾಲಿಯಾಗಿತ್ತು. ಅವಳು ಪಂಜರ ಎತ್ತಿಕೊಂಡು ಬೀದಿಬಾಗಿಲ ಕಡೆ ತಿರುಗಿದಳು.

"ಬಾಗಿಲು ಹಾಕೇ" ಎಂದರು ಧರ್ಮಪ್ಪ.

"ಹಾಕಿದೀನಿ. ಕಣ್ಣು ಕಾಣಲ್ವ ನಿಮಗೆ?" ಎಂದರು ಹಾಲಮ್ಮ.

ನಿಜ, ಅವರು ಆಗಲೇ ಅಗುಳಿ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಆಡಿದ ಮಾತು ಯಾರದು, ಯಾರಿಗೆ ಎಂದು ಇಬ್ಬರಿಗೂ ಹೊಳೆಯಲು ಒಂದು ಕ್ಷಣ ಹಿಡಿಯಿತು. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ತೆಗೆದುಕೊಳ್ಳುವ ಮನಸ್ಸೂ ಇದ್ದಂತೆ ಕಾಣಲಿಲ್ಲ.

"ನನ್ನ ಕಣ್ಣಿಗೇನೂ ಆಗಿಲ್ಲ. ಬೆಕ್ಕು ಕಡ್ಡಿ ಆಗಿದ್ದು ನಿನ್ನ ಕಣ್ಣಿಗೆ ಬಿದ್ದಿಲ್ಲ."

"ಬಿದ್ದಿತ್ತು. ದಿನಾ ನೋಡಿ ಅಳ್ತಿದ್ದೆ. ಚಿಲಕ ತಂದು ಹೊಡೆದ ಮಹಾನುಭಾವರು ತೆಗೀಬೇಕಿತ್ತು."

"ನೀನು ತೆಗೆದಿದ್ರೆ ಕೈ ಬಿದ್ದು ಹೋಗ್ತಿತ್ತಾ?"

"ನಾನ್ಯಾಕೆ ತೆಗೀಲಿ? ಎಲ್ಲಾದಕ್ಕೂ ನಾನೇ ಸೋಲ್ಬೇಕಾ? ಮಗ ಹೋಗಿದ್ದೂ ನನ್ನಿಂದ, ಬೆಕ್ಕು ಸಾಯೋದೂ ನನ್ನಿಂದ."

"ಮಗ ಹೋಗಿದ್ದು ನಿನ್ನಿಂದಾನೇ. ಈಗ್ಲೂ ಅದನ್ನೇ ಹೇಳ್ತೀನಿ."

"ನಿಮ್ಮ ಕುಡಿತಕ್ಕೆ ಹೇಸಿ ಹೋದ ಅವನು. ಅವನೇ ನನ್ನ ಹತ್ರ ಹೇಳಿದ್ದ. ಬೀಗರ ಎದುರು ನಿಮ್ಮ ಮಾನ ಹೋಗ್ಬಾರದು ಅಂತ ನಾನು ಬಾಯಿ ಮುಚ್ಕೊಂಡಿದ್ದೆ."

"ಸುಳ್ಳು" ಎಂದರು ಧರ್ಮಪ್ಪ.

"ಫೋನ್ ಮಾಡಿ ಕೇಳಿ. ಬೆಕ್ಕಿನ ಹತ್ರ ಕೇಳಿಸ್ಬೇಡಿ. ನೀವೇ ಕೇಳಿ."

ಸಂಘಮಿತ್ರಾ ಪಂಜರ ಕೆಳಗಿಟ್ಟಿದ್ದಳು. ಒಳಗೆ ಬೂದಿ ಕೆಂಚನ ಹೊಟ್ಟೆಗೆ ತಲೆ ಒತ್ತಿಕೊಂಡು ಮಲಗಿತ್ತು. ಅವಳು ನಡುಬಾಗಿಲಿನ ಈಚೆಯ ಚಿಲಕ ಸರಿಸಿ, ಹಾಲಮ್ಮನನ್ನು ಪಕ್ಕಕ್ಕೆ ಸರಿಸಿ ಬೀದಿಬಾಗಿಲು ತೆಗೆದು ಓಣಿಯಲ್ಲಿ ಸುತ್ತಿ ಹೋಗಿ ಆಚೆಯದನ್ನೂ ಸರಿಸಿ, ಒಂದು ತಟ್ಟೆಯಲ್ಲಿ ಮೀನು ಕಲಸಿದ ಅನ್ನ ತಂದು ಪಂಜರದ ಮುಚ್ಚಳ ತೆಗೆದಳು. ಕೆಂಚ ಹೊರಗೆ ಬಂದು ಬಾಯಿ ಹಾಕಿತು. ಬೂದಿ ತೂರಾಡುತ್ತ ಬಂದು ಅದರ ಪಕ್ಕ ನಿಂತು ತಿನ್ನತೊಡಗಿತು.

"ಎರಡು ಚಿಲಕಾನೂ ಈಗಲೇ ಬಿಚ್ಬೇಕು" ಎಂದಳು ಸಂಘಮಿತ್ರಾ. "ಮುಂದಿನ ಭಾನುವಾರ ಬರ್ತೀನಿ. ಈ ಬಾಗಿಲು ಹಾಕಿದ್ದು ಕಂಡ್ರೆ ಎರಡನ್ನೂ ಎತ್ಕೊಂಡು ಹೋಗ್ತೀನಿ. ಆಗ ಯಾರು ಅಡ್ಡ ನಿಂತ್ರೂ ಕೇಳಲ್ಲ."

"ಸ್ಕ್ರೂಡ್ರೈವರ್ ಎಲ್ಲಿಟ್ಟಿದೀಯ?" ಎಂದು ಧರ್ಮಪ್ಪ ಹೆಂಡತಿಯ ಮೇಲೆ ರೇಗಿದರು.

"ನಿಮ್ಮ ಸಾಮಾನು ನಾನ್ಯಾಕೆ ಮುಟ್ಲಿ? ಮಂಚದ ಕೆಳಗೆ ನೋಡ್ಕೊಳ್ಳಿ."

ಸಂಘಮಿತ್ರಾ ಖಾಲಿ ಪಂಜರ ಹಿಡಿದು ಮೆಟ್ಟಿಲು ಇಳಿದಳು. ಮೈತ್ರಿ ಹಿಂದೆ ಓಡಿದಳು.

"ಸಂಘಮಿತ್ರಾ, ಒಂದು ನಿಮಿಷ ನಿಲ್ಲು."

"ಅವರಿಗೆ ಬುದ್ಧಿ ಇಲ್ಲ, ಬಿಡು. ನಿಂಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಹಳೇ ಫೋಟೋ ಕಳಿಸ್ದೆ."

"ನನ್ನ ಕಷ್ಟ ನಿಂಗೆ..."

"ನನ್ನ ಹತ್ರ ಮಾತಾಡ್ಬೇಡ. ಲ್ಯಾಬಲ್ಲೂ ಅಷ್ಟೆ. ಏನಾದ್ರೂ ಇದ್ರೆ ಬೇರೆಯವರ ಕೈಲಿ ಹೇಳಿ ಕಳಿಸು."

ಅವಳು ತಿರುಗಿ ನೋಡದೆ ಹೋದಳು. ಮೈತ್ರಿಗೆ ಮುಖಕ್ಕೆ ಹೊಡೆದಂತಾಯಿತು. ತಪ್ಪು ತನ್ನದೇ ಆಗಿತ್ತು, ಅದಕ್ಕೇ ಹೆಚ್ಚು ನೋವಾಯಿತು. ಒಳಗೆ ಬಂದರೆ ಮಾತು ಇನ್ನೂ ಏರಿತ್ತು. ಧರ್ಮಪ್ಪ ಮಂಡಿಯೂರಿ ಸ್ಕ್ರೂ ತಿರುಗಿಸುತ್ತಿದ್ದರು. ಹಾಲಮ್ಮ ತಲೆಯ ಮೇಲೆ ನಿಂತು, ಯಾವ ವರ್ಷ ಯಾವ ಹಬ್ಬದಲ್ಲಿ ಯಾರ ಎದುರು ಏನೇನಾಯಿತು ಎಂದು ಒಂದೊಂದಾಗಿ ತೆಗೆಯುತ್ತಿದ್ದರು. ಅಪ್ಪನ ಕತ್ತಿನ ನರ ಉಬ್ಬಿತ್ತು. ಬಿಪಿ ಏರುತ್ತದೆ ಎಂದು ಮೈತ್ರಿಗೆ ಹೆದರಿಕೆಯಾಯಿತು.

"ಅಮ್ಮ, ಸಾಕು. ಅಪ್ಪ ಹೇಳೋದೇನು ಅಂದ್ರೆ..."

ಹಾಲಮ್ಮ ಗಕ್ಕನೆ ತಿರುಗಿದರು. "ನೀನು ಸುಮ್ನಿರು. ಗಂಡ ಹೆಂಡ್ತಿ ಮಾತಾಡೋವಾಗ ನಿಂದೇನು ಮಧ್ಯ?"

"ಅಷ್ಟು ಗೊತ್ತಾಗಲ್ವ ನಿಂಗೆ?" ಎಂದರು ಧರ್ಮಪ್ಪ ಸ್ಕ್ರೂಡ್ರೈವರ್ ಎತ್ತಿ. "ಹೋಗು ಆಚೆ."

ಮೈತ್ರಿ ಆಚೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಖುಷಿಯಾಗಬೇಕಿತ್ತು, ಆಗಲಿಲ್ಲ. ಮೈಯೆಲ್ಲ ಸಿಟ್ಟಿನಿಂದ ಉರಿಯುತ್ತಿತ್ತು. ಇಪ್ಪತ್ತೈದಕ್ಕೆ ಆಗಬೇಕಿದ್ದ ಮದುವೆ, ಬಿಟ್ಟ ಸಂಬಂಧಗಳು, ಬಸ್ಸಿನಲ್ಲಿ ಜನರೆದುರು ಪಿಸುಗುಟ್ಟಿ ಹೊತ್ತ ಉಪ್ಪು ಹುಳಿ ಖಾರದ ಮಾತು, ಇದನ್ನೆಲ್ಲ ಇವರಿಬ್ಬರು ಒಂದು ಬಾಗಿಲು ಹಾಕುವಷ್ಟರಲ್ಲಿ ಮುಗಿಸಿಬಿಟ್ಟಿದ್ದರು. ಹಾಗಾದರೆ ಮಾತಾಡಲು ಮೊದಲೇ ಬರುತ್ತಿತ್ತು ಇವರಿಗೆ. ಬೇಕಾಗಿರಲಿಲ್ಲ, ಅಷ್ಟೆ.

ಫೋನು ಬಡಿದುಕೊಂಡಿತು. ಅವಳು ಬೆಚ್ಚಿ ನೋಡಿದಳು. ಯೋಗರಾಜ.

"ಅಮ್ಮ ಕೇಳ್ತಿದಾರೆ" ಎಂದ. "ಆಷಾಢದ ಮುಂಚೆ ಒಂದೇ ಮುಹೂರ್ತ ಇರೋದಂತೆ. ಏನು ಹೇಳ್ಲಿ?"

"ಗೊತ್ತು ಮಾಡೋಕೆ ಹೇಳಿ."

ಒಳಗೆ ಏನೋ ಪಾತ್ರೆ ಬಿತ್ತು. ಹಾಲಮ್ಮನ ದನಿ ಬೀದಿಗೆ ಬಂತು, ಅದರ ಮೇಲೆ ಧರ್ಮಪ್ಪನವರದು.

"ಏನದು ಗಲಾಟೆ? ಟಿವಿನಾ?"

"ಅಲ್ಲ" ಎಂದಳು ಮೈತ್ರಿ. "ಅಪ್ಪ ಅಮ್ಮ ಮಾತಾಡ್ತಿದಾರೆ."